ಜೋಗುಳವೆಂಬ ಗುಳಿಗೆ

ಊರಿಗೆಲ್ಲ ನಿದ್ದೆ ಹೊಲಿದುಕೊಡುವವನ ಮೈ ಅವನದೇ ಹಾಸಿಗೆಗೆ ಒಗ್ಗದೆ ಹೋಗಿತ್ತು.

ಬೀದಿಯವರು ಅವನನ್ನು ಅರಳೆಪ್ಪ ಎನ್ನುತ್ತಿದ್ದರು. ಹಾಸಿಗೆ, ದಿಂಬು ಹೊಲಿಯುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಗೋಡೆಯಿಂದ ಗೋಡೆಗೆ ಅರಳೆಯ ಗುಡ್ಡ. ಹಿಂಜುವ ಬಿಲ್ಲನ್ನು ಮೀಟಿದರೆ 'ಟಂಯ್' ಎಂದು ಒಂದು ಸದ್ದು ಹೊರಡುತ್ತಿತ್ತು. ಆ ಸದ್ದಿಗೆ ಹತ್ತಿ ಮೇಲೆದ್ದು, ಕಿಟಕಿಯ ಬಿಸಿಲಿನಲ್ಲಿ ತೇಲಾಡಿ, ಇಳಿಯಲೋ ಬೇಡವೋ ಎಂದು ಸ್ವಲ್ಪ ಯೋಚಿಸಿ, ಕೊನೆಗೆ ಅರಳೆಪ್ಪನ ಹುಬ್ಬಿನ ಮೇಲೆ ಬಂದು ಕೂರುತ್ತಿತ್ತು. ಜಗಳ ಮಾಡಿಕೊಂಡು ಬಂದವರೂ ಆ ಕೋಣೆಯೊಳಗೆ ಕಾಲಿಟ್ಟರೆ ದನಿ ತಗ್ಗಿಸುತ್ತಿದ್ದರು. ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎನ್ನುವ ಹಾಗೆ.

ಈಗ ಕೆಲವು ದಿನಗಳಿಂದ ಅವನು ಬೇರೆಯವರ ಕೆಲಸ ಬದಿಗಿಟ್ಟು ತನ್ನ ಹಾಸಿಗೆಯನ್ನೇ ಬಿಚ್ಚಿಕೊಂಡು ಕೂತಿದ್ದ. ಹೊಲಿಗೆ ಕತ್ತರಿಸುವುದು, ಅರಳೆ ಹೊರತೆಗೆಯುವುದು, ಹಿಂಜುವುದು, ತುಂಬುವುದು, ದಬ್ಬಳ ಹಿಡಿದು ಮತ್ತೆ ಹೊಲಿಯುವುದು. ಬೆಳಗ್ಗೆ ಎದ್ದರೆ ತೊಡೆ, ಭುಜ, ಬೆನ್ನು ಎಲ್ಲ ಮೊದಲಿನ ಹಾಗೇ ನೋವು.

"ರೀ, ಆ ಹಾಸಿಗೆ ನಿಮಗೇನು ಅನ್ಯಾಯ ಮಾಡಿದೆ? ಮತ್ತೆ ಅದರ ಹೊಟ್ಟೆ ಬಗೀತಿದ್ದೀರಲ್ಲ," ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ಎಲ್ಲೋ ಒಂದು ಗಂಟು ಉಳಿದುಬಿಟ್ಟಿದೆ ಕಣೇ. ರಾತ್ರಿಯೆಲ್ಲ ತೊಡೆಗೆ ಒತ್ತುತ್ತೆ."

"ನಾನೂ ಅದರ ಮೇಲೇ ಮಲಗೋದು. ನನಗ್ಯಾಕೆ ಒತ್ತಲ್ಲ?"

"ನೀನು ಬಿಡು, ಜಲ್ಲಿಕಲ್ಲಿನ ಮೇಲೆ ಹಾಕಿದ್ರೂ ಗೊರಕೆ ಹೊಡೀತೀಯ."

"ಗೊರಕೆ ಯಾರದು ಅಂತ ಪಕ್ಕದ ಮನೆಯವರನ್ನ ಕೇಳೋಣ ಬನ್ನಿ," ಎಂದು ಅವಳು ಒಳಗೆ ಹೋದಳು.

ಅರಳೆಪ್ಪ ನಗಲು ಹೋದ. ನಗುವಾಗ ಪಕ್ಕೆಯೂ ನೋಯಿತು.

ಹಾಸಿಗೆಯ ಮೇಲೆ ಅವನಿಗೆ ಹಳೆಯದೊಂದು ಗುಮಾನಿಯಿತ್ತು. ಅದಕ್ಕೆ ಕಾರಣ ಅವನ ಅಣ್ಣ. ಕಳೆದ ವರ್ಷ ಒಂದು ಮಧ್ಯಾಹ್ನ, ಅರಳೆಪ್ಪನೇ ಹೊಲಿದುಕೊಟ್ಟ ಹಾಸಿಗೆಯ ಮೇಲೆ ಸುಮ್ಮನೆ ಒಂದು ಗಳಿಗೆ ಅಡ್ಡಾದ ಅಣ್ಣ ಏಳಲೇ ಇಲ್ಲ. ಬಂದವರೆಲ್ಲ "ಪುಣ್ಯವಂತ, ನಿದ್ದೆಯಲ್ಲೇ ಹೋದ" ಎಂದರು. ಅರಳೆಪ್ಪನಿಗೆ ಮಾತ್ರ ತಾನು ಅಷ್ಟು ಮೆತ್ತಗೆ ಹೊಲಿಯಬಾರದಿತ್ತೇನೋ ಎನಿಸಿತು.

ದೊಡ್ಡಾಸ್ಪತ್ರೆಯ ಡಾಕ್ಟರು ಆ ಗುಮಾನಿಯನ್ನು ತೆಗೆದರು. "ಹಾಸಿಗೆಯ ತಪ್ಪಲ್ಲಪ್ಪ. ರಕ್ತದಲ್ಲಿ ಕೊಬ್ಬು ಹೆಚ್ಚಾಗಿ ಹೃದಯದ ನಾಳದೊಳಗೆ ಕೂತಿತ್ತು. ಅದಕ್ಕೆ ಕೊಲೆಸ್ಟ್ರಾಲ್ ಅಂತಾರೆ. ಅದು ಕೂರುವಾಗ ನೋವಿಲ್ಲ, ಸದ್ದಿಲ್ಲ. ಒಡಹುಟ್ಟಿದವರು ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ."

ಮಾಡಿಸಿದರೆ ಅರಳೆಪ್ಪನಿಗೂ ಹೆಚ್ಚೇ ಇತ್ತು.

ಮನೆಗೆ ಬಂದವನು ತನ್ನ ಅಂಗಡಿಯ ತೊಲೆಗಳನ್ನು ತಲೆಯೆತ್ತಿ ನೋಡಿದ್ದ. ವರ್ಷಗಳಿಂದ ಎದ್ದ ಹತ್ತಿಯ ಧೂಳು ಅಲ್ಲಿ ಪದರ ಪದರವಾಗಿ ಕೂತು ಬೆಳ್ಳಗೆ ದಪ್ಪವಾಗಿತ್ತು. ಅದು ಕೂತದ್ದನ್ನು ಅವನು ಒಂದು ದಿನವೂ ಕಂಡಿರಲಿಲ್ಲ. ಡಾಕ್ಟರು ಹೇಳಿದ್ದು ಅವನಿಗೆ ಆಗ ಪೂರ್ತಿ ಅರ್ಥವಾಯಿತು.

ಡಾಕ್ಟರು ಕೊಟ್ಟದ್ದು ಆ ಕೊಬ್ಬು ಇಳಿಸುವ ಸ್ಟಾಟಿನ್ ಎಂಬ ಗುಳಿಗೆ. ಮಲಗುವ ಮುಂಚೆ ಒಂದು. ಅದರ ಜೊತೆಗೆ ಎಣ್ಣೆ ಜಿಡ್ಡು ಕಡಿಮೆ, ಬೀಡಿ ಬಂದ್, ಸಂಜೆ ನಡಿಗೆ. ಆ ಹೆಸರು ಹೆಂಡತಿಯ ನಾಲಿಗೆಗೆ ಹೊರಳಲಿಲ್ಲ. ಗಂಡ ಗುಳಿಗೆ ನುಂಗಿ ನೀರು ಕುಡಿದು ಮಗುವಿನ ಹಾಗೆ ಮಲಗುವುದನ್ನು ಕಂಡು ಅವಳು ಅದಕ್ಕೆ 'ಜೋಗುಳ' ಎಂದು ಹೆಸರಿಟ್ಟಳು.

"ಜೋಗುಳ ಆಯ್ತೇನ್ರೀ?"

"ಆಯ್ತು ಮಾರಾಯ್ತಿ."

ಹೀಗೆ ಗುಳಿಗೆಯು ಗುಳಿಗೆಯಾಗಿ ಉಳಿಯದೆ, ಚಾಪೆ ದಿಂಬುಗಳ ಜೊತೆ ಸೇರಿ ಮನೆಯ ಒಂದು ಸಾಮಾನಾಯಿತು.

ಹಾಸಿಗೆ ಬಿಚ್ಚತೊಡಗುವುದಕ್ಕೆ ಸ್ವಲ್ಪ ಮುಂಚೆ ಅರಳೆಪ್ಪನಿಗೆ ಜ್ವರ ಬಂತು. ಎದೆ ಬಿರಿಯುವ ಕೆಮ್ಮು. ದೊಡ್ಡಾಸ್ಪತ್ರೆ ದೂರ ಎಂದು ಹತ್ತಿರದ ಕ್ಲಿನಿಕ್ಕಿಗೆ ಹೋದ. ಅಲ್ಲಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಕೇಳಬೇಕಾದ್ದನ್ನೂ ಕೇಳಿದರು. "ಬೇರೆ ಯಾವುದಾದರೂ ಔಷಧ ತಗೊಳ್ತಿದ್ದೀರಾ?"

"ಇಲ್ಲ ಡಾಕ್ಟ್ರೇ," ಎಂದ ಅರಳೆಪ್ಪ.

ಅವನು ಸುಳ್ಳು ಹೇಳಲಿಲ್ಲ. ಔಷಧ ಎಂದರೆ ಕಾಯಿಲೆಯಾದಾಗ ತಗೊಳ್ಳುವುದು. ಕಹಿಯಾಗಿರುವುದು. ಇದು ಜೋಗುಳ. ಡಾಕ್ಟರ ಪ್ರಶ್ನೆ ಅವನ ಮನಸ್ಸಿನೊಳಗೆ ಹೋಗಿ ಎಲ್ಲ ಬಾಗಿಲುಗಳನ್ನೂ ತಟ್ಟಿತು, ಮಲಗುವ ಕೋಣೆಯ ಬಾಗಿಲೊಂದನ್ನು ಬಿಟ್ಟು.

ಅವರು ಬರೆದುಕೊಟ್ಟ ಕೆಮ್ಮಿನ ಗುಳಿಗೆಗಳನ್ನು ನುಂಗತೊಡಗಿದ. ಕೆಮ್ಮು ಇಳಿಯಿತು. ನೋವು ಶುರುವಾಯಿತು.

ನೋವಿಗೆ ಪಂಡಿತನಾಗಿ ಬಂದವನು ಹೆಂಡತಿಯ ತಮ್ಮ. ಬೀದಿಯ ತುದಿಯಲ್ಲಿ ಅವನದೊಂದು ಕಟಿಂಗ್ ಅಂಗಡಿ. ಕುರ್ಚಿಯಲ್ಲಿ ಕೂತ ತಲೆಗಳಿಂದ ಅವನು ಕೂದಲಿನ ಜೊತೆ ವಿದ್ಯೆಯನ್ನೂ ಕತ್ತರಿಸಿಕೊಳ್ಳುತ್ತಿದ್ದ.

"ಭಾವ, ಇದು ವಯಸ್ಸಿನ ನೋವು. ನನ್ನ ಕುರ್ಚಿಗೆ ಬನ್ನಿ, ಭುಜ ತಿಕ್ಕಿ ಕೊಡ್ತೀನಿ. ಕುರಿ ಹಾಗೆ ಎದ್ದು ಕುಣೀತೀರ."

"ಕುರಿ ಕುಣಿಯೋದು ನಿನ್ನ ಕತ್ತರಿ ಕಂಡ್ರೆ," ಎಂದ ಅರಳೆಪ್ಪ. ಆದರೂ ಹೋಗಿ ತಿಕ್ಕಿಸಿಕೊಂಡ. ತಿಕ್ಕಿದ ಜಾಗವೆಲ್ಲ ಇನ್ನೂ ನೊಂದಿತು.

ಮರುದಿನ ಬೆಳಗಿನ ಜಾವ ಅವನಿಗೊಂದು ಕನಸು. ಅಣ್ಣ ಅರಳೆಯ ಗುಡ್ಡದ ಮೇಲೆ ಮಲಗಿದ್ದಾನೆ. ಮೇಲಿನಿಂದ ಹತ್ತಿ ಬೀಳುತ್ತಿದೆ, ಒಂದೊಂದೇ ಎಳೆ. ಕಾಲು ಮುಚ್ಚಿತು, ಎದೆ ಮುಚ್ಚಿತು. ಅರಳೆಪ್ಪ ಹೋಗಿ ಎಬ್ಬಿಸಬೇಕು. ಆದರೆ ಅವನ ಕಾಲಿನೊಳಗೂ ಹತ್ತಿ ತುಂಬಿ ಯಾರೋ ಹೊಲಿಗೆ ಹಾಕಿಬಿಟ್ಟಿದ್ದಾರೆ. ಹೆಜ್ಜೆ ಏಳುವುದಿಲ್ಲ.

ಎಚ್ಚರವಾಯಿತು. ಕಾಲು ನಿಜವಾಗಿಯೂ ಏಳಲಿಲ್ಲ. ಮಂಚದ ಅಂಚು ಹಿಡಿದು, ತೊಡೆಯನ್ನು ಕೈಯಿಂದ ಎತ್ತಿ ನೆಲಕ್ಕಿಟ್ಟು ನಿಂತ. ಬಚ್ಚಲಿಗೆ ಹೋದರೆ ಮೂತ್ರ ಹಾಲಿಲ್ಲದ ಕಪ್ಪು ಟೀಯ ಬಣ್ಣಕ್ಕೆ ತಿರುಗಿತ್ತು. ನೀರು ಕಡಿಮೆ ಕುಡಿದಿದ್ದೇನೆ ಎಂದುಕೊಂಡ. ಬಂದು ಮತ್ತೆ ಹಾಸಿಗೆ ಬಿಚ್ಚಿದ.

ಅರಳೆಯ ನಡುವೆ ಅವನು ಹಾಗೆ ಕೂತಿದ್ದಾಗಲೇ ಬಾಗಿಲಲ್ಲಿ ನರ್ಸಮ್ಮ ಕಂಡಳು. ದೊಡ್ಡಾಸ್ಪತ್ರೆಯಲ್ಲಿ ಕೆಲಸ, ಹಿಂದಿನ ಬೀದಿಯಲ್ಲಿ ಮನೆ. ಕಂಕುಳಲ್ಲಿ ಚಪ್ಪಟೆಯಾದ ಒಂದು ದಿಂಬು.

"ಅಣ್ಣ, ಇದು ದಿಂಬಲ್ಲ, ದೋಸ್ತಿ ಬಿಟ್ಟ ಗೆಳತಿ. ಕತ್ತು ನೋವು. ಸ್ವಲ್ಪ ಹತ್ತಿ ಹಾಕಿಕೊಡಿ."

"ಕೊಡಿ ಸಿಸ್ಟರಮ್ಮ," ಎಂದು ಅವನು ಏಳಲು ಹೋದ. ಒಂದು ಕೈ ನೆಲಕ್ಕೆ, ಒಂದು ಕೈ ಮೊಣಕಾಲಿಗೆ, ಆಮೇಲೆ ತೊಡೆಗೆ. ತನ್ನ ಮೈಯನ್ನೇ ಏಣಿಯ ಹಾಗೆ ಹತ್ತುತ್ತ ಅರ್ಧಕ್ಕೆ ನಿಂತ. ಮತ್ತೆ ಹತ್ತಿಯ ಮೇಲೆ ಕುಸಿದ.

ನರ್ಸಮ್ಮ ದಿಂಬನ್ನು ಕೆಳಗಿಟ್ಟಳು. "ಯಾವಾಗಿಂದ ಹೀಗೆ?"

"ಹಾಸಿಗೇಲಿ ಒಂದು ಗಂಟು..."

"ಹಾಸಿಗೆ ಮಾತು ಬಿಡಿ. ಎರಡೂ ತೊಡೇನಾ? ಭುಜಾನೂ ಹೀಗೇನಾ? ಮೂತ್ರ ಯಾವ ಬಣ್ಣ?"

ಅರಳೆಪ್ಪ ನಾಚಿಕೊಂಡ. ಆಮೇಲೆ ಹೇಳಿದ. ಅವಳ ಮುಖದ ಮೇಲಿನ ನಗು ಇಳಿಯಿತು.

"ಏನು ಔಷಧ ತಗೊಳ್ತಿದ್ದೀರಿ?"

"ಕೆಮ್ಮಿಗೆ ಕ್ಲಿನಿಕ್ಕಲ್ಲಿ ಕೊಟ್ರಲ್ಲ, ಅದು."

"ಅದು ಬಿಟ್ಟು?"

"ಏನೂ ಇಲ್ಲ."

"ಚೆನ್ನಾಗಿ ಯೋಚನೆ ಮಾಡಿ ಅಣ್ಣ."

"ಇಲ್ಲ ಅಂದ್ನಲ್ಲ ಸಿಸ್ಟರಮ್ಮ. ಔಷಧ ಅಂದ್ರೆ ನನಗೆ ಮೊದಲಿಂದ ಆಗಲ್ಲ."

ಒಳಗಿನಿಂದ ಹೆಂಡತಿಯ ದನಿ ತೇಲಿ ಬಂತು. "ಜೋಗುಳ ಒಂದು ಬಿಟ್ರೆ ಅವರು ಏನೂ ಮುಟ್ಟಲ್ಲಮ್ಮ."

ಅಂಗಡಿಯಲ್ಲಿ ಒಂದು ಎಳೆ ಹತ್ತಿ ಮೇಲಿನಿಂದ ಇಳಿಯುತ್ತಿತ್ತು. ಅದು ನೆಲ ಮುಟ್ಟುವ ಮೊದಲೇ ನರ್ಸಮ್ಮ ಒಳಗಿನ ಬಾಗಿಲ ಕಡೆ ತಿರುಗಿದಳು.

"ಜೋಗುಳ ಅಂದ್ರೆ ಏನಕ್ಕ?"

ಹೆಂಡತಿ ದಿಂಬಿನ ಕೆಳಗಿದ್ದ ಗುಳಿಗೆಯ ಪಟ್ಟಿಯನ್ನು ತಂದು ತೋರಿಸಿದಳು. ನರ್ಸಮ್ಮ ಅದರ ಬೆನ್ನು ತಿರುಗಿಸಿ ಓದಿದಳು. ಕೆಮ್ಮಿನ ಗುಳಿಗೆಯನ್ನೂ ತರಿಸಿ ಓದಿದಳು. ಆಮೇಲೆ ಎರಡನ್ನೂ ತನ್ನ ಚೀಲಕ್ಕೆ ಹಾಕಿಕೊಂಡು, "ಎರಡೂ ಮುಟ್ಟಬೇಡಿ. ಆಟೋ ಕರೀರಿ. ನಾಳೆ ಅಲ್ಲ, ಊಟ ಆದ್ಮೇಲೂ ಅಲ್ಲ, ಈಗ," ಎಂದಳು.

ಆಸ್ಪತ್ರೆಯ ಮಂಚದ ಮೇಲೆ ಅರಳೆಪ್ಪ ಮಲಗಿದ. ತಲೆಯ ಮೇಲೆ ತೂಗುಹಾಕಿದ ಬಾಟಲಿಯಿಂದ ಹನಿ ಹನಿಯಾಗಿ ನೀರು ಅವನ ರಕ್ತಕ್ಕೆ ಇಳಿಯುತ್ತಿತ್ತು. ಅವನು ಹೆಬ್ಬೆರಳಿನಿಂದ ಹಾಸಿಗೆಯನ್ನು ಒತ್ತಿ ನೋಡಿದ.

"ಇದನ್ನ ಹೊಲಿದವನು ಮಲಗೋರನ್ನ ಕಂಡೇ ಇಲ್ಲ," ಎಂದ ಹೆಂಡತಿಗೆ.

ಅವಳು ಅಳುತ್ತಿದ್ದವಳು ನಕ್ಕುಬಿಟ್ಟಳು.

ಡಾಕ್ಟರು ಬಂದು ಮಂಚದ ಅಂಚಿನಲ್ಲಿ ಕೂತರು. "ಗುಳಿಗೆ ಕೆಟ್ಟದ್ದಲ್ಲ. ಕೆಮ್ಮಿಗೆ ಕೊಟ್ಟ ಔಷಧ ಒಂದು ಬಗೆಯ ಆ್ಯಂಟಿಬಯಾಟಿಕ್, ಅದೂ ಕೆಟ್ಟದ್ದಲ್ಲ. ಸ್ಟಾಟಿನ್ ಕೆಲಸ ಮುಗಿಸಿ ನಿಮ್ಮ ಯಕೃತ್ತಿನ ಬಾಗಿಲಿಂದ ಹೊರಗೆ ಹೋಗಬೇಕು. ಆ ಕೆಮ್ಮಿನ ಔಷಧ ಹೋಗಿ ಬಾಗಿಲಿಗೆ ಅಡ್ಡ ನಿಂತುಬಿಡ್ತು. ದಿನಾ ಒಳಗೆ ಬರೋದು ಬರ್ತಾನೇ ಇದೆ, ಹೊರಗೆ ಹೋಗೋಕೆ ದಾರಿಯಿಲ್ಲ. ಮೈಯಲ್ಲಿ ಜಾಸ್ತಿಯಾಗಿ ಸ್ನಾಯು ಕರಗೋಕೆ ಶುರುವಾಯ್ತು. ಆ ಕರಗಿದ್ದೇ ಮೂತ್ರಕ್ಕೆ ಬಣ್ಣ ಕೊಟ್ಟದ್ದು. ಇಷ್ಟು ಜೋರಾಗಿ ಆಗೋದು ಬಹಳ ಅಪರೂಪ. ಆದ್ರೆ ಇನ್ನೂ ತಡ ಮಾಡಿದ್ರೆ ಮೂತ್ರಪಿಂಡಕ್ಕೇ ಪೆಟ್ಟು."

"ಕ್ಲಿನಿಕ್ಕಿನವರು ಕೇಳಿದ್ರು ಡಾಕ್ಟ್ರೇ. ನಾನೇ ಇಲ್ಲ ಅಂದೆ," ಎಂದ ಅರಳೆಪ್ಪ.

"ಯಾಕೆ?"

ಅವನು ಹೆಂಡತಿಯನ್ನು ನೋಡಿದ. ಹೆಂಡತಿ ಸೆರಗನ್ನು ನೋಡಿದಳು. "ನಾನು ಅದಕ್ಕೊಂದು ಹೆಸರಿಟ್ಟುಬಿಟ್ಟಿದ್ದೆ," ಎಂದಳು ಮೆಲ್ಲಗೆ.

ಮೈ ಸುಧಾರಿಸಿ ಮನೆಗೆ ಬಂದ. ನೆಲದಿಂದ ಕೈಯೂರದೆ ಎದ್ದ ದಿನ ಹೆಂಡತಿ ಮಗು ಹೆಜ್ಜೆಯಿಟ್ಟಂತೆ ಸಂಭ್ರಮಪಟ್ಟಳು. ಡಾಕ್ಟರು ಹೇಳಿ ಕಳಿಸಿದ್ದರು: ರಕ್ತ ಮತ್ತೆ ಪರೀಕ್ಷೆ ಮಾಡೋಣ, ಎಲ್ಲ ಸರಿಯಾದ ಮೇಲೆ ಬೇರೆ ಜಾತಿಯ ಸ್ಟಾಟಿನ್ ಸ್ವಲ್ಪ ಪ್ರಮಾಣದಲ್ಲಿ ಶುರು ಮಾಡೋಣ, ಬನ್ನಿ.

ಹೋಗಬೇಕಾದ ದಿನ ಬಂತು. ಅರಳೆಪ್ಪ ಹೋಗಲಿಲ್ಲ. ಅಂಗಡಿಯಲ್ಲಿ ಕೂತು ನರ್ಸಮ್ಮನ ದಿಂಬಿಗೆ ಹತ್ತಿ ತುಂಬುತ್ತಿದ್ದ. ಪಕ್ಕದಲ್ಲಿ ಭಾಮೈದ.

"ಹೋಗಬೇಡಿ ಭಾವ. ಅಷ್ಟು ಅನುಭವಿಸಿದ್ದು ಸಾಲದಾ? ಗುಳಿಗೆ ಇಲ್ದೆ ನಮ್ಮ ತಾತ ಬದುಕಲಿಲ್ವಾ?"

"ನಮ್ಮ ತಾತ ಎಷ್ಟು ವರ್ಷ ಬದುಕಿದ್ದ, ಹೇಳು?" ಎಂದಳು ಅವನ ಅಕ್ಕ, ಒಳಗಿನಿಂದ ಬಂದು.

"ಅದು... ಬೇಗ ಹೋದ. ಆದ್ರೆ ಗಟ್ಟಿಯಾಗಿದ್ದ."

ನರ್ಸಮ್ಮ ಆ ಹೊತ್ತಿಗೇ ದಿಂಬು ಒಯ್ಯಲು ಬಂದಳು. ಮುಖ ನೋಡಿಯೇ ತಿಳಿದುಕೊಂಡಳು. "ಹೋಗಿಲ್ಲ ಅಲ್ವಾ?"

"ಭಯ ಸಿಸ್ಟರಮ್ಮ," ಎಂದ ಅರಳೆಪ್ಪ. "ಹಾವು ಕಚ್ಚಿಸಿಕೊಂಡವನಿಗೆ ಹಗ್ಗ ಕಂಡ್ರೂ ಭಯ. ಈಗ ಮೈ ಹಗುರಾಗಿದೆ. ಎಲ್ಲೂ ನೋವಿಲ್ಲ."

"ನಿಮ್ಮ ಅಣ್ಣನಿಗೆ ಎಲ್ಲಿ ನೋವಿತ್ತು?"

ಅರಳೆಪ್ಪನ ಕೈ ನಿಂತಿತು. ಆ ಮಧ್ಯಾಹ್ನ ಅಣ್ಣ ಇದೇ ಬಾಗಿಲಲ್ಲಿ ಟೀ ಕುಡಿದು, ಲೋಟ ತೊಳೆದಿಟ್ಟು, "ಒಂದು ಗಳಿಗೆ ಅಡ್ಡಾಗ್ತೀನಿ, ಎಬ್ಬಿಸು" ಎಂದು ಹೋಗಿದ್ದ. ಎಲ್ಲೂ ನೋವಿರಲಿಲ್ಲ.

ನರ್ಸಮ್ಮ ನೆಲದ ಮೇಲೆ ಅವನೆದುರು ಕೂತಳು. "ಹಾಸಿಗೇಲಿ ಒಂದು ಗಂಟಿದ್ರೆ ನೀವೇನು ಮಾಡ್ತೀರಿ ಅಣ್ಣ? ಹಾಸಿಗೇನ ಬೀದಿಗೆ ಎಸೀತೀರಾ?"

"ಎಲ್ಲಾದ್ರೂ ಉಂಟಾ? ಬಿಚ್ಚಿ, ಗಂಟು ಹುಡುಕಿ, ಹಿಂಜಿ ಮತ್ತೆ ತುಂಬ್ತೀನಿ."

"ಗಂಟು ಸಿಕ್ಕಿದೆಯಲ್ಲ ಈಗ. ಒಂದಕ್ಕೊಂದು ಆಗದ ಎರಡು ಔಷಧ ಒಟ್ಟಿಗೆ ಸೇರಿತು, ಯಾರಿಗೂ ಹೇಳಲಿಲ್ಲ. ಅಷ್ಟೇ ಗಂಟು. ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ?"

"ಮತ್ತೆ ನೋವು ಬಂದ್ರೆ?" ಕೇಳಿದವಳು ಹೆಂಡತಿ.

"ಬಂದ್ರೆ ಹೇಳಿ ಅಕ್ಕ. ಮೈಕೈ ನೋವೆಲ್ಲ ಈ ಗುಳಿಗೆಯದೇ ಅಲ್ಲ, ಭಾರ ಎತ್ತಿದ್ರೂ ಬರುತ್ತೆ. ಆದ್ರೆ ಕಾರಣವಿಲ್ಲದೆ ನೋವು, ಸುಸ್ತು, ಕಾಲಲ್ಲಿ ಬಲ ಇಲ್ಲ ಅಂದ್ರೆ ಡಾಕ್ಟರಿಗೆ ತಿಳಿಸಿ. ಮೂತ್ರ ಕಪ್ಪಾದ್ರೆ, ಕಣ್ಣು ಹಳದಿಯಾದ್ರೆ ಗುಳಿಗೆ ನಿಲ್ಲಿಸಿ ಆಗಲೇ ಓಡಿ ಬನ್ನಿ. ಒಂದು ದಿನ ಮರೆತ್ರೆ ಮರುದಿನ ಎರಡು ನುಂಗಬೇಡಿ. ರಿಪೋರ್ಟ್ ಚೆನ್ನಾಗಿ ಬಂತು ಅಂತ ನೀವಾಗೇ ಬಿಡಬೇಡಿ, ಚೆನ್ನಾಗಿ ಬಂದದ್ದು ಗುಳಿಗೆ ತಗೊಂಡಿದ್ದಕ್ಕೇ. ಹಾಂ, ಚಕ್ಕೋತದಂಥ ಹಣ್ಣು ತಿನ್ನೋ ಮುಂಚೆ ಒಂದು ಮಾತು ಕೇಳಿ. ಅದೂ ಕೆಲವು ಸ್ಟಾಟಿನ್‌ಗೆ ಬಾಗಿಲಲ್ಲಿ ಅಡ್ಡ ನಿಲ್ಲುತ್ತೆ."

ಭಾಮೈದ ಕೆಮ್ಮಿದ. "ಅಕ್ಕ, ಹಾಗಾದ್ರೆ ಭಾವಂದು ಹಳೇ ಗುಳಿಗೆ ಇನ್ನೊಂದು ಪಟ್ಟಿ ಮಿಕ್ಕಿದೆಯಲ್ಲ, ನನಗಾದ್ರೂ ಕೊಡು. ನನಗೂ ಹೊಟ್ಟೆ ಮುಂದೆ ಬಂದಿದೆ."

"ಇಷ್ಟು ಹೊತ್ತು ಗುಳಿಗೆ ಬೇಡ ಅಂದವನು ಇವನೇನಾ?" ಎಂದಳು ಅಕ್ಕ.

"ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಬೇಡ," ಎಂದಳು ನರ್ಸಮ್ಮ ನಗುತ್ತ. "ನಿಮ್ಮದು ಏನಿದೆ ಅಂತ ರಕ್ತ ಕೊಟ್ಟು ನೋಡಿ. ಅದಿರಲಿ, ನೀವು ದಿನಾ ಏನಾದ್ರೂ ತಗೊಳ್ತೀರಾ?"

"ನಾನಾ? ಏನೂ ಇಲ್ಲಪ್ಪ. ಬೆಳಗ್ಗೆ ಒಂದು ಕೆಂಪಿ, ಅಷ್ಟೇ."

"ಕೆಂಪಿ ಅಂದ್ರೆ?"

"ಅದೇ... ಬಿಪಿದು... ಕೆಂಪಗಿರುತ್ತಲ್ಲ..." ಎನ್ನುತ್ತ ಅವನ ಮಾತು ಅಲ್ಲೇ ನಿಂತಿತು. ನಾಲ್ವರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವನು ಅರಳೆಪ್ಪ. ಹೊಟ್ಟೆ ಹಿಡಿದು ನಕ್ಕ. ಈ ಸಲ ಪಕ್ಕೆ ನೋಯಲಿಲ್ಲ.

ಆ ಸಂಜೆ ಅವನು ಹಾಸಿಗೆಗೆ ಹಾಕುವ ಪಟ್ಟೆ ಬಟ್ಟೆಯ ತುಂಡೊಂದನ್ನು ತೆಗೆದುಕೊಂಡ. ಮಡಚಿ, ಮೂರು ಕಡೆ ಹೊಲಿದು, ಬಾಯಿಗೆ ದಾರ ಪೋಣಿಸಿದ. ಪುಟ್ಟ ಮಗುವಿನ ದಿಂಬಿನಂಥ ಒಂದು ಚೀಲವಾಯಿತು. ಮನೆಯ ಮೂಲೆ ಮೂಲೆಯಿಂದ ಗುಳಿಗೆ, ಪುಡಿ, ಲೇಹ್ಯ, ಹೆಸರು ಮರೆತ ಕಷಾಯದ ಸೀಸೆ ಎಲ್ಲವನ್ನೂ ಹೆಂಡತಿ ತಂದು ಅದರೊಳಗೆ ಹಾಕಿದಳು. ಚೀಲ ಗೋಡೆಯ ಮೊಳೆಗೆ ತೂಗಿತು.

ಮರುದಿನ ಇಬ್ಬರೂ ಚೀಲ ಹಿಡಿದು ದೊಡ್ಡಾಸ್ಪತ್ರೆಗೆ ಹೋದರು. "ಬೇರೆ ಏನಾದರೂ ಔಷಧ ತಗೊಳ್ತೀರಾ?" ಎಂದು ಡಾಕ್ಟರು ಕೇಳಿದಾಗ ಅರಳೆಪ್ಪ ಬಾಯಿ ತೆರೆಯಲಿಲ್ಲ. ಚೀಲದ ಬಾಯಿ ತೆರೆದು ಮೇಜಿನ ಮೇಲೆ ಸುರಿದ.

ಹೊಸ ಗುಳಿಗೆ ಬಂತು. ಹೊಸ ಹೆಸರೂ ಬೇಕಲ್ಲ ಎಂದು ಹೆಂಡತಿ ಯೋಚಿಸುತ್ತಿದ್ದಳು. ಮಲಗುವ ಹೊತ್ತಿಗೆ ನೀರಿನ ಲೋಟ ಕೊಡುತ್ತ, "ರೀ, ಔಷಧ ತಗೊಂಡ್ರಾ?" ಎಂದಳು. ಆ ಮಾತು ಬಾಯಿಗೆ ಸ್ವಲ್ಪ ಕಹಿಯಾಗಿತ್ತು. ಆದರೂ ಇರಲಿ ಎಂದುಕೊಂಡಳು.

ಆ ಬೆಳಗಿನ ಜಾವ ಮತ್ತೆ ಕನಸು. ಅಣ್ಣ ಅರಳೆಯ ಗುಡ್ಡದ ಮೇಲೆ ಮಲಗಿದ್ದಾನೆ, ಹತ್ತಿ ಬೀಳುತ್ತಿದೆ. ಅರಳೆಪ್ಪನ ಕಾಲು ಈಗ ಅವನದೇ ಕಾಲು. ನಡೆದು ಹೋಗಿ ಅಣ್ಣನ ಭುಜ ಮುಟ್ಟಿದ. ಅಣ್ಣ ಕಣ್ಣು ಬಿಡಲಿಲ್ಲ. "ನನ್ನನ್ನು ಬಿಡು, ಬೆಳಗಾಯಿತು, ನೀನು ಏಳು," ಎಂದ.

ಎದ್ದ. ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಅರಳೆಪ್ಪ ಏಣಿ ಹಾಕಿ ಮೇಲೇರಿ, ಪೊರಕೆ ಹಿಡಿದು, ಅಂಗಡಿಯ ತೊಲೆಗಳ ಮೇಲಿನ ಧೂಳನ್ನು ಗುಡಿಸತೊಡಗಿದ. ಇಂದು ಗುಡಿಸಿದರೆ ನಾಳೆ ಮತ್ತೆ ಕೂರುತ್ತದೆ. ನಾಳೆಯೂ ಗುಡಿಸಿದರಾಯಿತು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಒಂದು ಜೋಗುಳವೋ ಕೆಂಪಿಯೋ ಇರಬಹುದು. ದಿನವೂ ನುಂಗಿ ನುಂಗಿ ಅದು ಔಷಧವೆಂಬುದನ್ನೇ ನೀವು ಮರೆತಿರಬಹುದು. ಇವತ್ತೇ ದಿಂಬಿನ ಕೆಳಗೆ, ಕಪಾಟಿನ ಮೂಲೆಯಲ್ಲಿ ಕೈಯಾಡಿಸಿ. ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಯಾವ ಡಾಕ್ಟರ ಬಳಿ ಹೋದರೂ, ಯಾವ ಔಷಧಿ ಅಂಗಡಿಗೆ ಹೋದರೂ ಆ ಚೀಲ ಜೊತೆಗಿರಲಿ. ಬಸುರಿಯಾಗಿದ್ದರೆ, ಬಸುರಿಯಾಗುವ ಯೋಚನೆಯಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಅದನ್ನು ಮೊದಲು ಹೇಳಿ. ಕೊಲೆಸ್ಟ್ರಾಲ್ ಗುಳಿಗೆ ಕೊಟ್ಟಿದ್ದರೆ ಹೇಳಿದ ಹಾಗೆ ತೆಗೆದುಕೊಳ್ಳಿ. ಮೈ ಏನಾದರೂ ಹೇಳಿದರೆ ಹಾಸಿಗೆಯನ್ನು ಬಯ್ಯಬೇಡಿ, ಡಾಕ್ಟರನ್ನು ಕೇಳಿ.

ಒಳ್ಳೆಯ ನಿದ್ದೆ ಮಾಡಿ. ಬೆಳಗ್ಗೆ ನಿಮ್ಮನ್ನು ಎಬ್ಬಿಸಲು ಬರುವವರು ಇದ್ದಾರೆ.